ಅಕ್ಕಿ ನಡೆದ ದಾರಿ

ಸರ್ರನೆ ಬೀಜ ಸುರಿಯುವ ಸದ್ದು. ಬೀಜ ಪಾಲು ಮಾಡುವ ಯಂತ್ರದ ತಗಡಿನ ಬಾಯಿಯಿಂದ ಒಳಗೆ ಹೋದ ಕಾಳು ಎರಡು ಪಾಲಾಗಿ ಕೆಳಗಿನ ಎರಡು ಡಬ್ಬಿಗಳಿಗೆ ಬೀಳುತ್ತದೆ. ಭತ್ತವಾದರೆ ಸದ್ದು ಒರಟು, ಸಾಸಿವೆಯಾದರೆ ನಯ, ಜೋಳವಾದರೆ ಯಾರೋ ಮೆಟ್ಟಿಲಿಳಿದು ಓಡಿಬಂದ ಹಾಗೆ. ಬೀಜ ಪರೀಕ್ಷಾ ಕೇಂದ್ರದ ಮೊದಲ ಮಹಡಿಯ ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ಚೀಟಿ ನೋಡುವ ಅಗತ್ಯವಿರಲಿಲ್ಲ. ಪಕ್ಕದ ಕೋಣೆಯಲ್ಲಿದ್ದರೂ ಸದ್ದು ಕೇಳಿ ಯಾವ ಬೀಜ ಎಂದು ಹೇಳಿಬಿಡುತ್ತಿದ್ದಳು.

ಬಿತ್ತನೆಗೆ ಹೋಗುವ ಮೊದಲು ಪ್ರತಿ ರಾಶಿಯಿಂದ ಒಂದಿಷ್ಟು ಬೀಜ ಅಲ್ಲಿಗೆ ಬರುತ್ತದೆ. ಅದನ್ನು ಗಾಜಿನ ಮೇಜಿನ ಮೇಲೆ ಹರಡಿ, ಭೂತಗನ್ನಡಿಯ ಕೆಳಗೆ ಚಿಮಟದಲ್ಲಿ ಒಂದೊಂದೇ ಕಾಳು ಎತ್ತಿ ಬೇರೆ ಮಾಡಬೇಕು. ಒಳ್ಳೆಯದು ಒಂದು ಕಡೆ, ಬೇರೆ ಬೆಳೆಯದು ಒಂದು ಕಡೆ, ಕಳೆಯ ಬೀಜ ಇನ್ನೊಂದು ಕಡೆ, ಹೊಟ್ಟು ಕಲ್ಲು ಮತ್ತೊಂದು ಕಡೆ. ಆಮೇಲೆ ನಾನೂರು ಕಾಳು ಆರಿಸಿ ಒದ್ದೆ ಕಾಗದದಲ್ಲಿ ಸುತ್ತಿ ಬೆಚ್ಚನೆಯ ಕಪಾಟಿನಲ್ಲಿ ನಿಲ್ಲಿಸಬೇಕು. ದಿನ ತುಂಬಿದ ಮೇಲೆ ಸುರುಳಿ ಬಿಚ್ಚಿದರೆ ಎಷ್ಟು ಮೊಳೆತಿವೆ, ಎಷ್ಟು ಸುಮ್ಮನೆ ಕೊಳೆತಿವೆ ಎಂದು ಗೊತ್ತಾಗುತ್ತದೆ. ಒಂದು ಕಳೆಯ ಬೀಜ ಕಣ್ಣು ತಪ್ಪಿಸಿಕೊಂಡು ಹೋದರೆ ಯಾರದೋ ಹೊಲದಲ್ಲಿ ಅದು ನೂರಾಗಿ ಏಳುತ್ತದೆ. ಆಕೆಯ ಕಣ್ಣು ತಪ್ಪಿಸಿಕೊಂಡು ಹೋದದ್ದು ಇಲ್ಲವೆನ್ನುವಷ್ಟು ಕಡಿಮೆ.

ವಯಸ್ಸು ಐವತ್ತಾರು. ಗಿಡ್ಡ ದೇಹ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡ ಹೆಗಲಿಗೆ ಸದಾ ಒಂದು ಬಟ್ಟೆಯ ಚೀಲ. ಕಚೇರಿಯಲ್ಲಿ ಎಲ್ಲರಿಗೂ ಮೇಡಂ. ಆದರೆ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಐದು ಜನರ ಬಾಯಲ್ಲಿ ಆಕೆಗೆ ಬೇರೆ ಹೆಸರಿತ್ತು. ಚಿಮಟದ ಅಕ್ಕ.

ಆ ಹೆಸರು ಬಂದದ್ದು ನಾಲ್ಕು ವರ್ಷದ ಹಿಂದೆ. ನಿವೃತ್ತರಾದ ಭೂಗೋಳದ ಮೇಷ್ಟ್ರೊಬ್ಬರು ಗ್ರಂಥಾಲಯದ ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದರು. ಏಷ್ಯಾ ಖಂಡವನ್ನು ನಲವತ್ತು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ರುಚಿ ನೋಡಿಲ್ಲ. ಜೊತೆಗೆ ಕೂತು ಉಣ್ಣಲು ಇಷ್ಟವಿದ್ದವರು ಬನ್ನಿ ಎಂದು. ಪುಸ್ತಕ ಹಿಂತಿರುಗಿಸಲು ಹೋದ ಆಕೆ ಆ ಚೀಟಿಯನ್ನು ಎರಡು ಸಲ ಓದಿದಳು. ಮನೆಗೆ ಬಂದು ಗಂಡನನ್ನು ಕರೆದಳು. ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾಗಿದ್ದ ಆತ, ಗೊತ್ತಿಲ್ಲದ ಊಟಕ್ಕೆಲ್ಲ ನನ್ನ ಹೊಟ್ಟೆ ಪಾಸ್‌ಪೋರ್ಟ್ ಕೊಡುವುದಿಲ್ಲ, ನೀನು ಹೋಗಿ ಬಾ ಎಂದ.

ಮೊದಲ ಊಟ ಒಂದು ಚೀನೀ ಹೋಟೆಲಿನಲ್ಲಿ. ದುಂಡು ಮೇಜು, ಮಧ್ಯೆ ತಿರುಗುವ ಹಲಗೆ, ಹಬೆಯಾಡುವ ಬಿದಿರಿನ ಬುಟ್ಟಿಗಳು. ಯಾರಿಗೂ ಚಾಪ್‌ಸ್ಟಿಕ್ ಹಿಡಿಯಲು ಬರುತ್ತಿರಲಿಲ್ಲ. ಸಿಟಿ ಬಸ್ಸಿನ ಡ್ರೈವರಣ್ಣ ಎರಡು ಕಡ್ಡಿಗಳನ್ನು ಎರಡು ಕೈಯಲ್ಲಿ ಹಿಡಿದು ಸ್ಟಿಯರಿಂಗ್ ತಿರುಗಿಸುವವನಂತೆ ಕೂತಿದ್ದ. ಸಮವಸ್ತ್ರ ಹೊಲಿಯುವ ಟೈಲರಮ್ಮ ಒಂದು ಕಡ್ಡಿಯಿಂದ ಚುಚ್ಚಿ ತಿನ್ನುತ್ತಿದ್ದಳು. ಅಂಚೆ ಕಚೇರಿಯ ಗಂಡ ಹೆಂಡತಿ ಒಬ್ಬರ ತುತ್ತನ್ನು ಇನ್ನೊಬ್ಬರು ಹಿಡಿಯಲು ಹೋಗಿ ಇಬ್ಬರೂ ಕೈಬಿಟ್ಟರು. ಆಕೆ ಮಾತ್ರ, ಹುಟ್ಟಿದಾಗಿನಿಂದ ಅದರಲ್ಲೇ ಉಂಡವಳ ಹಾಗೆ, ತಟ್ಟೆಯಲ್ಲಿ ಉದುರಿದ ಎಳ್ಳನ್ನು ಒಂದೊಂದಾಗಿ ಎತ್ತಿ ಮೇಷ್ಟ್ರ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಏಳು ಎಳ್ಳು. ಎಲ್ಲರ ಕಡ್ಡಿಗಳೂ ನಿಂತವು. ಬಡಿಸುವವನೂ ಕೆಟಲ್ ಹಿಡಿದು ನಿಂತುಬಿಟ್ಟ. ಆಕೆಗೆ ನಾಚಿಕೆಯಾಗಿ, ದಿನಾ ಮಾಡುವ ಕೆಲಸ ಇದು, ಅಲ್ಲಿ ಉಕ್ಕಿನದು ಇಲ್ಲಿ ಬಿದಿರಿನದು ಅಷ್ಟೇ ಎಂದಳು.

ಅಂದಿನಿಂದ ಆಕೆ ಅವರ ಗುರು. ಹೆಬ್ಬೆರಳ ಬುಡದಲ್ಲಿ ಕೆಳಗಿನ ಕಡ್ಡಿ ಮಲಗಬೇಕು, ಮೇಲಿನದು ಮಾತ್ರ ಓಡಾಡಬೇಕು ಎಂದು ಎಲ್ಲರ ಬೆರಳು ಹಿಡಿದು ಕಲಿಸಿದಳು. ಒಂದು ವರ್ಷ ಕಳೆಯುವಷ್ಟರಲ್ಲಿ ಹೋಟೆಲ್ ಆರಿಸುವ ಕೆಲಸವೂ ಆಕೆಯ ಪಾಲಿಗೆ ಬಂತು. ಗುರುವಾರ ಸಂಜೆ ಕಚೇರಿ ಮುಗಿಸಿ ಒಬ್ಬಳೇ ಹೋಗಿ ನೋಡಿ ಬರುತ್ತಿದ್ದಳು. ಅಡುಗೆಯವರ ಮುಖ ಹೇಗಿದೆ, ಮೇಜು ದುಂಡಗಿದೆಯೇ, ಮಾತಾಡಿದರೆ ಎದುರಿನವರಿಗೆ ಕೇಳುತ್ತದೆಯೇ. ಭಾನುವಾರ ಆರು ಜನ ಹೋಗಿ ಕೂರುತ್ತಿದ್ದರು. ಹೋದ ಕಡೆ ಮತ್ತೆ ಹೋಗಬಾರದು, ಉಂಡದ್ದನ್ನು ಮತ್ತೆ ತರಿಸಬಾರದು, ಇವೆರಡೇ ಕಟ್ಟುಪಾಡು. ಜಪಾನಿನ ಬೋಗುಣಿ, ಕೊರಿಯಾದ ಕೆಂಡದ ಒಲೆ, ವಿಯೆಟ್ನಾಮಿನ ಸೊಪ್ಪಿನ ಬುಟ್ಟಿ. ಯಾವ ತಟ್ಟೆ ಬಂದರೂ ಎಲ್ಲರೂ ಮೊದಲು ಆಕೆಯ ಕೈ ನೋಡುತ್ತಿದ್ದರು.

ಆಕೆಗೆ ಆ ಭಾನುವಾರಗಳು ಎಷ್ಟು ಬೇಕಾಗಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಭೂತಗನ್ನಡಿಯ ಕೆಳಗೆ ಕೂತವರ ದಿನ ಬಹಳ ಸಣ್ಣದು. ಬೆಳಗಿನಿಂದ ಸಂಜೆಯವರೆಗೆ ಒಂದು ಅಂಗೈಯಷ್ಟು ಬೆಳಕು, ಅದರಲ್ಲಿ ಮಾತಾಡದ ಕಾಳುಗಳು. ಮಧ್ಯಾಹ್ನದ ಡಬ್ಬಿಯನ್ನು ಆಕೆ ಮೊಳಕೆ ಕಪಾಟಿನ ಪಕ್ಕ ಒಬ್ಬಳೇ ಕೂತು ಮುಗಿಸುತ್ತಿದ್ದಳು. ಮೇಜಿನ ಸುತ್ತ ಆರು ಜನ ಒಟ್ಟಿಗೆ ಬಾಯಾಡಿಸುವಾಗ ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಕಾಗದದ ಸುರುಳಿ ಬಿಚ್ಚಿದ ಬೆಳಿಗ್ಗೆ ಎಲ್ಲ ಕಾಳೂ ಮೊಳೆತಿರುವುದನ್ನು ಕಂಡ ಹಾಗೆ.

ಹದಿನಾಲ್ಕು ತಿಂಗಳ ಹಿಂದೆ, ಒಂದು ನೂಡಲ್ ಹೋಟೆಲಿನಲ್ಲಿ, ಆಕೆ ಎತ್ತಿದ ಎಳೆ ಗಾಳಿಯಲ್ಲಿ ನಡುಗಿತು. ಫ್ಯಾನಿನ ಗಾಳಿ ಎಂದುಕೊಂಡಳು. ತಲೆ ಎತ್ತಿ ನೋಡಿದರೆ ಫ್ಯಾನ್ ನಿಂತಿತ್ತು.

ಕೆಲಸದಲ್ಲಿ ತೊಂದರೆಯಿರಲಿಲ್ಲ. ಅಲ್ಲಿ ಮಣಿಕಟ್ಟು ಮೇಜಿನ ಅಂಚಿಗೆ ಒರಗಿರುತ್ತದೆ, ಬೆರಳು ಮಾತ್ರ ಆಡುತ್ತದೆ. ಒರಗಿದ ಕೈ ನಡುಗುತ್ತಿರಲಿಲ್ಲ. ಊಟದಲ್ಲಿ ಹಾಗಲ್ಲ. ತಟ್ಟೆಯಿಂದ ಬಾಯಿಗೆ ಒಂದು ಗೇಣು ದೂರ ಕೈ ಒಂಟಿಯಾಗಿ ಗಾಳಿಯಲ್ಲಿ ನಡೆಯಬೇಕು. ಆ ಒಂದು ಗೇಣಿನಲ್ಲಿ ಅದು ಆಕೆಯ ಮಾತು ಕೇಳುತ್ತಿರಲಿಲ್ಲ.

ಈ ನಡುಕದ ಪರಿಚಯ ಆಕೆಗಿತ್ತು. ತಾಯಿಗೂ ಇದೇ ವಯಸ್ಸಿಗೆ ಬಂದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು ಡಾಕ್ಟರು. ಅಪಾಯ ಇರಲೂ ಇಲ್ಲ, ತಾಯಿ ಎಂಬತ್ತರವರೆಗೆ ಬದುಕಿದಳು. ಆದರೆ ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಅವಳ ತಟ್ಟೆಯಿಂದ ಸಾರು ಅಳಿಯನ ಬಿಳಿ ಅಂಗಿಗೆ ಹಾರಿತು. ಯಾರೂ ಏನೂ ಅನ್ನಲಿಲ್ಲ. ಮರುದಿನದಿಂದ ತಾಯಿ ತನ್ನ ತಟ್ಟೆಯನ್ನು ಒಳಗಿನ ಕೋಣೆಗೆ ತೆಗೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ಉಣ್ಣತೊಡಗಿದಳು. ಹಸಿವಿಲ್ಲ, ಆಮೇಲೆ ಉಣ್ತೀನಿ, ನೀವು ಮುಗಿಸಿ ಎಂಬ ಮೂರು ಮಾತುಗಳಲ್ಲಿ ಹನ್ನೆರಡು ವರ್ಷ ಕಳೆದುಬಿಟ್ಟಳು. ಆಮೇಲಾಮೇಲೆ ಆ ಮೂರು ಮಾತೂ ಬೇಕಾಗಲಿಲ್ಲ. ಮನೆಯವರು ಅವಳನ್ನು ಬಿಟ್ಟು ಕೂರುವುದನ್ನು ರೂಢಿ ಮಾಡಿಕೊಂಡಿದ್ದರು.

ಆಕೆಗೆ ನಡುಕದ ಹೆದರಿಕೆಯಿರಲಿಲ್ಲ. ಹೆದರಿಕೆಯಿದ್ದದ್ದು ಮುಂದೆ ಮಾಡಿದ ಆ ಬಾಗಿಲಿನದು.

ಹಾಗಾಗಿ ಹೋಟೆಲ್ ಆರಿಸುವವಳು ಬೇರೆ ಬಗೆಯಲ್ಲಿ ಆರಿಸತೊಡಗಿದಳು. ಥಾಯ್ ಹೋಟೆಲಿಗೆ ಕರೆದೊಯ್ದಳು. ಅಲ್ಲಿ ಚಮಚ ಮತ್ತು ಫೋರ್ಕ್, ಅದರಲ್ಲೂ ಚಮಚ ಆಳವಾಗಿತ್ತು. ಬರ್ಮಾದವರದು ಬೋಗುಣಿಯನ್ನು ಬಾಯ ಹತ್ತಿರ ತಂದುಕೊಂಡು ಉಣ್ಣುವ ಸೂಪು. ಇಂಡೋನೇಷ್ಯಾದ ಅಡುಗೆಯ ಹೆಂಗಸು ಬಾಳೆಲೆ ಹಾಸಿ ಕೈಯಲ್ಲೇ ಉಣ್ಣಿ ಎಂದಳು. ಕೈಯಲ್ಲಿ ಕಲಸಿ ಬಗ್ಗಿ ಉಣ್ಣುವಾಗ ದಾರಿ ಚಿಕ್ಕದು, ಮೊಣಕೈಯನ್ನು ಮೇಜಿಗೆ ಊರಬಹುದು. ಉಜ್ಬೆಕ್ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ದೊಡ್ಡ ಹರಿವಾಣ. ಇರಾನಿನವರ ಅನ್ನ ಉದುರುದುರಾಗಿದ್ದರೂ ಚಮಚ ದೊಡ್ಡದು. ಒಂದೊಂದು ಗುರುವಾರವೂ ಆಕೆ ಅಡುಗೆಯವರ ಮುಖ ನೋಡುವ ಮೊದಲು ಮೇಜಿನ ಮೇಲೆ ಏನಿಟ್ಟಿದ್ದಾರೆ ಎಂದು ನೋಡಿ ಬರುತ್ತಿದ್ದಳು.

ಡ್ರೈವರಣ್ಣ ಒಂದು ದಿನ ಗೊಣಗಿದ. ಕಷ್ಟಪಟ್ಟು ಕಡ್ಡಿ ಹಿಡಿಯೋದು ಕಲಿತೆ, ಈಗ ನೋಡಿದರೆ ಮನೆಯಲ್ಲೂ ಕೈ, ಇಲ್ಲೂ ಕೈ, ಲೈಸೆನ್ಸ್ ಕೊಟ್ಟು ಗಾಡಿ ಕಿತ್ಕೊಂಡ ಹಾಗಾಯ್ತು ಎಂದ. ಟೈಲರಮ್ಮ, ಅಕ್ಕನಿಗೆ ನಮ್ಮ ಮೇಲೆ ಬೇಜಾರು ಬಂದಿರಬೇಕು ಎಂದು ಕಣ್ಣು ಹೊಡೆದಳು. ಆಕೆ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ತಮ್ಮ ಚೀಲದಿಂದ ಉದ್ದನೆಯ ಪುಸ್ತಕ ಹೊರಗೆ ತೆಗೆದರು.

ಅದರಲ್ಲಿ ಅವರೇ ಬಿಡಿಸಿದ ಏಷ್ಯಾದ ನಕಾಶೆ. ಉಂಡ ಊಟಕ್ಕೆಲ್ಲ ಒಂದೊಂದು ಕೆಂಪು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ನೀವೆಲ್ಲ ತಿಂದಿರಿ, ನಾನು ನೋಡಿದೆ ಎಂದು ಶುರು ಮಾಡಿದರು. ಅಕ್ಕ ನಮ್ಮನ್ನು ಸುಮ್ಮನೆ ಕರೆದುಕೊಂಡು ಹೋಗುತ್ತಿಲ್ಲ. ಪೂರ್ವದಿಂದ ಹೊರಟು ದಕ್ಷಿಣಕ್ಕೆ ಇಳಿದು ಪಶ್ಚಿಮಕ್ಕೆ ತಿರುಗಿದ್ದಾರೆ. ಇದು ಅಕ್ಕಿ ನಡೆದ ದಾರಿ. ಬೀಜದ ಜೊತೆ ಬದುಕಿದವರಿಗಲ್ಲದೆ ಇಂಥದ್ದು ಇನ್ನಾರಿಗೆ ಹೊಳೆಯುತ್ತದೆ. ಹೇಳುತ್ತಾ ಹೇಳುತ್ತಾ ಅವರ ಬೆರಳು ಆ ಗೆರೆಯ ಮೇಲೆ ಎರಡು ಸಲ ಓಡಿತು. ನಲವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತೋರಿಸಿದ್ದನ್ನು ಯಾರೋ ತಮ್ಮ ನಾಲಿಗೆಯ ಮೇಲೆ ಇಟ್ಟಿದ್ದಾರೆಂಬ ಸಂತೋಷ.

ಅಂಚೆಯ ಗಂಡ, ಅಯ್ಯೋ ನಮಗೆ ಹೊಳೀಲೇ ಇಲ್ಲ ಎಂದ. ಅವನ ಹೆಂಡತಿ, ನಿಮಗೆ ಯಾವತ್ತು ಹೊಳೆದಿತ್ತು ಎಂದಳು. ಡ್ರೈವರಣ್ಣ ಕೈ ಜೋಡಿಸಿ ಕ್ಷಮೆ ಕೇಳಿದ.

ಆಗ ಇಲ್ಲ ಎನ್ನಬಹುದಾಗಿತ್ತು. ಆಕೆ ಎನ್ನಲಿಲ್ಲ. ತಲೆ ತಗ್ಗಿಸಿ ನಕ್ಕಳು, ಅದನ್ನು ಎಲ್ಲರೂ ವಿನಯ ಎಂದುಕೊಂಡರು.

ಒಮ್ಮೆ ಒಪ್ಪಿಕೊಂಡ ಸುಳ್ಳಿಗೆ ಮೇವು ಹಾಕಬೇಕಾಗುತ್ತದೆ. ಆಕೆ ಕಚೇರಿಯ ಪುಸ್ತಕದ ಕಪಾಟಿನ ಧೂಳು ಕೊಡವಿ ಭತ್ತದ ತಳಿಗಳ ಬಗ್ಗೆ ಓದಿದಳು. ಉದ್ದ ಕಾಳು, ಗುಂಡು ಕಾಳು, ಕೆಂಪು, ಕಪ್ಪು, ಅಂಟುವುದು, ಉದುರುವುದು ಎಂದು ಚಿಕ್ಕ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ತಂದು ಊಟದ ಮೇಜಿನ ಮೇಲೆ ಇಟ್ಟಳು. ಓದುತ್ತಾ ಓದುತ್ತಾ ಆಕೆಗೂ ಅದು ರುಚಿಸಿತು. ಕೆಲವು ಸಲ, ತಾನು ನಿಜವಾಗಿಯೂ ಈ ದಾರಿಯನ್ನು ಯೋಚಿಸಿಯೇ ಹೊರಟಿದ್ದೆನೇನೋ ಅನ್ನಿಸುತ್ತಿತ್ತು. ಆದರೆ ಮೇಷ್ಟ್ರು ನಕಾಶೆಗೆ ಚುಕ್ಕೆ ಇಡುವಾಗಲೆಲ್ಲ ಆಕೆಯ ಕಣ್ಣು ಅವರ ಕೈಯ ಮೇಲಿರುತ್ತಿತ್ತು. ಎಪ್ಪತ್ತೆರಡು ವರ್ಷದ ಆ ಕೈ ಕಲ್ಲಿನ ಹಾಗೆ ಸ್ಥಿರವಾಗಿತ್ತು.

ನಲವತ್ತೊಂಬತ್ತನೆಯ ಊಟದ ಕೊನೆಯಲ್ಲಿ ಮೇಷ್ಟ್ರು ಒಂದು ಮಾತೆತ್ತಿದರು. ಮುಂದಿನದು ಐವತ್ತನೆಯದು. ಅದಕ್ಕೆ ಮಾತ್ರ ಅಕ್ಕನಿಗೆ ಆರಿಸುವ ತೊಂದರೆ ಬೇಡ, ನಾವೇ ಆರಿಸಿದ್ದೇವೆ. ಕಟ್ಟುಪಾಡು ಒಂದು ದಿನ ಮುರಿಯೋಣ, ಹೊರಟಲ್ಲಿಗೇ ಮರಳೋಣ. ಮೊದಲ ದಿನದ ಹೋಟೆಲು, ಅದೇ ಮೇಜು. ಡ್ರೈವರಣ್ಣನ ಹೊಸ ಸೊಸೆ ಕೂಡ ಬರುತ್ತಾಳಂತೆ, ಅವಳಿಗೆ ಕಡ್ಡಿ ಹಿಡಿಯಲು ಕಲಿಸಬೇಕು. ಅದಕ್ಕೆ ಮೊದಲು ಅಕ್ಕ ಒಂದು ಸಲ ಎಳ್ಳು ಎತ್ತಿ ತೋರಿಸಬೇಕು. ಎಲ್ಲರೂ ಮೇಜು ತಟ್ಟಿದರು. ಆಕೆ ತಲೆಯಾಡಿಸಿದಳು. ಕೈಯನ್ನು ಮಡಿಲಲ್ಲಿ ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು.

ಆ ತಿಂಗಳು ಆಕೆ ಅಡುಗೆಮನೆಯಲ್ಲಿ ಕೂತು ಎರಡು ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿದಳು. ಮೊದಲು ಹುರುಳಿ, ಆಮೇಲೆ ಹೆಸರು, ಆಮೇಲೆ ಸಾಸಿವೆ. ಮಣಿಕಟ್ಟು ಊರಿದರೆ ಬರುತ್ತಿತ್ತು. ಎತ್ತಿದರೆ ಕಾಳು ನೆಲಕ್ಕೆ ಬಿದ್ದು ಒಲೆಯ ಕೆಳಗೆ ಓಡುತ್ತಿತ್ತು. ಗಂಡ ಪೊರಕೆ ತಂದು ಗುಡಿಸುತ್ತಿದ್ದ. ಆಮೇಲೆ ಟೀ ಸೋಸಿ ಆಕೆಯ ಮುಂದೆ ಇಡುತ್ತಿದ್ದ.

ಶನಿವಾರ ಸಂಜೆ ಆಕೆ ಆ ಲೋಟ ನೋಡಿದಳು. ಅರ್ಧ ಮಾತ್ರ ಇತ್ತು. ನಿನ್ನೆಯೂ ಅರ್ಧ. ನೆನಪು ಹಿಂದಕ್ಕೆ ಹೋದಷ್ಟೂ ಅರ್ಧವೇ. ಅವನ ಲೋಟ ಕಂಠಮಟ್ಟ ತುಂಬಿತ್ತು.

"ಯಾಕ್ರೀ ನನಗೆ ಅರ್ಧ ಹಾಕ್ತೀರಿ?"

"ಚೆಲ್ಲಬಾರದು ಅಂತ," ಎಂದ ಆತ. "ಉಳಿದರ್ಧ ಎಲ್ಲಿ ಹೋಗುತ್ತೆ, ಪಾತ್ರೇಲೇ ಇರುತ್ತೆ. ಎರಡು ಸಲ ಕುಡಿ."

"ಯಾವಾಗಿಂದ ಗೊತ್ತು?"

"ಮೀಟರ್ ಓದಿದವನು ಕಣೇ ನಾನು. ಮುಳ್ಳು ಅಲ್ಲಾಡಿದ್ದು ಕಾಣಲ್ವಾ?"

ಆಕೆಗೆ ನಗು ಬಂತು, ಅದರ ಹಿಂದೆಯೇ ಅಳು. ನಾಳೆ ಹೋಗುವುದಿಲ್ಲ, ಜ್ವರ ಅಂತ ಫೋನ್ ಮಾಡಿಬಿಡಿ ಎಂದಳು. ಮಾಡಬಹುದು, ಮುಂದಿನ ತಿಂಗಳು ಏನು ಜ್ವರ ಹೇಳಬೇಕೋ ಈಗಲೇ ಬರೆದು ಕೊಡು ಎಂದ. ಅವರಿಗೆ ಹೇಳಿಬಿಡು ಎಂದೂ ಸೇರಿಸಿದ. ಆಗ ಆಕೆ ತಾಯಿಯ ಮಾತೆತ್ತಿದಳು. ಗೊತ್ತಾದರೆ ಮೊದಲು ಅಯ್ಯೋ ಪಾಪ ಅನ್ನುತ್ತಾರೆ, ಆಮೇಲೆ ಕಣ್ಣು ತಪ್ಪಿಸುತ್ತಾರೆ, ಆಮೇಲೆ ನಾನೇ ಹೋಗುವುದು ಬಿಡುತ್ತೇನೆ, ನಮ್ಮಮ್ಮನ ಹಾಗೆ.

ಆತ ಪೊರಕೆಯ ಕಡ್ಡಿ ಸರಿ ಮಾಡುತ್ತಾ ಕೂತ. ಅಂದು ಸಾರು ಹಾರಿದ ಬಿಳಿ ಅಂಗಿ ಅವನದೇ.

"ಅತ್ತೇನ ಯಾರೂ ಎಬ್ಬಿಸಲಿಲ್ಲ ಕಣೇ," ಎಂದ. "ಅವರೇ ಎದ್ದು ಹೋದರು. ನಾವು ಕರೀಲಿಲ್ಲ, ಅದು ನಮ್ಮ ತಪ್ಪು. ಇರಲಿ ಬಿಡಿ ಅತ್ತೆ, ಅಂಗಿ ತಾನೆ, ಅಂತ ಒಂದು ಮಾತು ಅನ್ನೋಕೆ ನನ್ನ ಬಾಯಿಗೆ ಏನಾಗಿತ್ತೋ."

ಮರುದಿನ ಮಧ್ಯಾಹ್ನ ಆಕೆ ಹೊರಟಳು. ಹೇಳುತ್ತೇನೆಂದು ನಿಶ್ಚಯಿಸಿ ಹೊರಟಳೋ, ಹೇಗೋ ಆಗಿಬಿಡುತ್ತದೆಂದು ಹೊರಟಳೋ ಆಕೆಗೇ ಸ್ಪಷ್ಟವಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಎಲ್ಲರ ಕೈಗಳೂ ಬಸ್ಸಿನ ಜೊತೆ ನಡುಗುತ್ತಿದ್ದವು. ಆ ಇಪ್ಪತ್ತು ನಿಮಿಷ ಆಕೆಗೆ ಸಮಾಧಾನವಾಗಿತ್ತು.

ಹೋಟೆಲು ಬದಲಾಗಿರಲಿಲ್ಲ. ಬಾಗಿಲ ಬಳಿ ಮೀನಿನ ತೊಟ್ಟಿ, ಗೋಡೆಯ ಮೇಲೆ ಸುಣ್ಣ ಎದ್ದ ಅದೇ ಜಾಗ, ಅಡುಗೆಮನೆಯ ಕಿಂಡಿಯಿಂದ ಬಾಣಲೆಯ ಸದ್ದು. ಡ್ರೈವರಣ್ಣನ ಸೊಸೆ ತೆಳ್ಳಗಿನ ಹುಡುಗಿ, ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ವಿಡಿಯೊಗೆ ಸಿದ್ಧ ಮಾಡಿ ಕೂತಿದ್ದಳು. ಮಾವ ನಿಮ್ಮನ್ನು ಮನೆಯಲ್ಲಿ ಎಷ್ಟು ಹೊಗಳಿದ್ದಾರೆಂದರೆ ನಮ್ಮತ್ತೆಗೆ ಹೊಟ್ಟೆಕಿಚ್ಚು ಬಂದಿದೆ ಆಂಟಿ ಎಂದಳು. ಬುಟ್ಟಿಗಳು ಬಂದವು, ಮುಚ್ಚಳ ತೆಗೆದಾಗ ಎಲ್ಲರ ಕನ್ನಡಕವೂ ಮಂಜಾಯಿತು. ಮೇಷ್ಟ್ರು ಒಂದು ಖಾಲಿ ತಟ್ಟೆಗೆ ಎಳ್ಳು ಉದುರಿಸಿ ಆಕೆಯ ಮುಂದಕ್ಕೆ ತಳ್ಳಿದರು. ಪಕ್ಕದಲ್ಲಿ ನಕಾಶೆ ಬಿಚ್ಚಿತ್ತು.

ಆಕೆ ಕಡ್ಡಿ ಕೈಗೆತ್ತಿಕೊಂಡಳು. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ ಮೊದಲ ಎಳ್ಳನ್ನು ಹಿಡಿದಳು. ಹಿಡಿತಕ್ಕೆ ಬಂತು. ಇನ್ನು ಅದನ್ನು ಮೇಜಿನ ಆಚೆಗೆ, ಹುಡುಗಿಯ ತಟ್ಟೆಯ ತನಕ ಒಯ್ಯಬೇಕು. ಕೈ ಮೇಲೆದ್ದಿತು. ಅರ್ಧ ದಾರಿಯಲ್ಲಿ ಕಡ್ಡಿಯ ತುದಿಗಳು ಒಂದಕ್ಕೊಂದು ತಾಗಿ ಟಿಕಿಟಿಕಿ ಎನ್ನತೊಡಗಿದವು. ಎಳ್ಳು ಎಲ್ಲಿ ಬಿತ್ತೋ ಕಾಣಲಿಲ್ಲ. ಆಕೆ ಇನ್ನೊಂದನ್ನು ಹಿಡಿದಳು. ಅದೂ ಹೋಯಿತು. ಮೂರನೆಯ ಸಲ ಕಡ್ಡಿ ಪಿಂಗಾಣಿಯ ಅಂಚಿಗೆ ಬಡಿದು ಕೈಯಿಂದ ಜಾರಿ ಉರುಳಿ ಹೋಯಿತು.

ಟೈಲರಮ್ಮ ತನ್ನ ಬುಟ್ಟಿಯೊಳಗೆ ಏನನ್ನೋ ಹುಡುಕುವವಳಂತೆ ಬಗ್ಗಿದಳು. ಹುಡುಗಿ ಮೆಲ್ಲನೆ ಮೊಬೈಲನ್ನು ಬೋರಲು ಹಾಕಿದಳು. ಆಕೆಗೆ ಬೇಕಿಲ್ಲದಿದ್ದದ್ದು ಇದೇ, ಈ ಕಣ್ಣು ತಪ್ಪಿಸುವುದು. ಕುರ್ಚಿಯಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಕಾಲು ತಾನಾಗಿಯೇ ಅಳೆಯುತ್ತಿತ್ತು.

"ತಟ್ಟೆಗೆ ಎಣ್ಣೆ ಹತ್ತಿದೆ," ಎಂದರು ಮೇಷ್ಟ್ರು. "ಜಾರುತ್ತೆ. ಬೇರೆ ತಟ್ಟೆ ತರಿಸೋಣ."

ಒಳ್ಳೆಯ ಮನುಷ್ಯ. ತೆರೆದ ಬಾಗಿಲನ್ನು ಕೈಯಲ್ಲಿ ಹಿಡಿದು ಕೊಟ್ಟಿದ್ದರು. ಹೌದು ಎಂದರೆ ಮುಗಿಯುತ್ತಿತ್ತು. ಆಮೇಲೆ ಮುಂದಿನ ತಿಂಗಳು ಜ್ವರ, ಅದರ ಮುಂದಿನ ತಿಂಗಳು ಕೆಲಸ.

"ಎಣ್ಣೆ ಅಲ್ಲ ಮೇಷ್ಟ್ರೇ. ಕೈ," ಎಂದಳು. "ಒಂದು ವರ್ಷದ ಮೇಲಾಯ್ತು. ನಮ್ಮಮ್ಮನಿಗೂ ಇತ್ತು. ಎತ್ತಿದರೆ ನಡುಗುತ್ತೆ."

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಇನ್ನೊಂದು ಮಾತೂ ಇದೆ ಎಂದು, ನಕಾಶೆಯ ಕಡೆ ನೋಡದೆ, ಅದನ್ನೂ ಹೇಳಿದಳು. ಅಕ್ಕಿಯ ದಾರಿ ನನಗೆ ಗೊತ್ತಿರಲಿಲ್ಲ. ನೀವು ಹೇಳಿದ ಮೇಲೆಯೇ ನಾನು ಓದಿದ್ದು. ನಾನು ಹೋದದ್ದು ಕಡ್ಡಿ ಇಲ್ಲದ ಕಡೆಗೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಕಾಶೆಯ ಮೇಲೆ ಬೆರಳಿಟ್ಟರು.

"ಹಾಗಾದ್ರೆ ಥಾಯ್?"

"ಅಲ್ಲಿ ಚಮಚ ಕೊಡ್ತಾರೆ."

"ಬರ್ಮಾ?"

"ಸೂಪು. ಬೋಗುಣಿ ಎತ್ತಿ ಕುಡೀಬಹುದು."

ಬೆರಳು ಪಶ್ಚಿಮಕ್ಕೆ ಸರಿಯಿತು. "ಉಜ್ಬೆಕ್?"

"ಕೈಯಲ್ಲಿ."

"ಇರಾನ್ ಕೂಡ?" ಮೇಷ್ಟ್ರ ಧ್ವನಿ ಬಹಳ ಸಣ್ಣದಾಗಿತ್ತು. "ಇರಾನಿಗೆ ನಾನು ಎರಡು ಪುಟ ಬರೆದಿದ್ದೆ."

"ಇರಾನಲ್ಲಿ ಚಮಚ ದೊಡ್ಡದು ಮೇಷ್ಟ್ರೇ."

ಡ್ರೈವರಣ್ಣನಿಗೆ ತಡೆಯಲಾಗಲಿಲ್ಲ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ ನಗು ಬಂತು. ಅವನ ಸೊಸೆ ಮಾವನ ತೋಳು ಚಿವುಟಿದಳು, ಚಿವುಟುತ್ತಲೇ ತಾನೂ ನಕ್ಕಳು. ಅಂಚೆಯ ಹೆಂಡತಿ ಕಣ್ಣೊರೆಸಿಕೊಂಡಳು, ಅದು ನಗುವಿನದೋ ಬೇರೆಯದೋ ಹೇಳಲಾಗುತ್ತಿರಲಿಲ್ಲ. ಮೇಷ್ಟ್ರು ಮಾತ್ರ ನಗಲಿಲ್ಲ. ಆ ಕೆಂಪು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಇನ್ನೊಮ್ಮೆ ನೋಡಿದರು. ಆದರೂ ಅಕ್ಕಿ ಹೋದದ್ದು ಹೀಗೇ ಎಂದರು. ಅದು ಹೋದದ್ದು ಅದರ ಕಷ್ಟಕ್ಕೆ, ನಾವು ಹೋದದ್ದು ಅಕ್ಕನ ಕಷ್ಟಕ್ಕೆ. ಚುಕ್ಕೆ ಅಳಿಸುವುದಿಲ್ಲ ಎಂದು ಪುಸ್ತಕ ಮಡಚಿದರು. ಆದರೆ ಆ ಎರಡು ಪುಟದ ನೋವು ಅವರ ಮುಖದಿಂದ ಪೂರ್ತಿ ಹೋಗಲಿಲ್ಲ. ಆಕೆ ಅವರ ತಟ್ಟೆಯ ಕಡೆ ನೋಡಿ ತಪ್ಪಾಯ್ತು ಎಂದಳು. ಇರಲಿ ಎನ್ನುವಂತೆ ಅವರು ಕೈ ಮಾಡಿದರು.

ಅಯ್ಯೋ ಪಾಪ ಎಂದು ಯಾರೂ ಅನ್ನಲಿಲ್ಲ. ಆಕೆ ಹದಿನಾಲ್ಕು ತಿಂಗಳು ಹೆದರಿದ್ದು ಆ ಎರಡು ಮಾತಿಗೆ. ಬದಲಿಗೆ ಎದ್ದದ್ದು ಬೇರೆಯೇ ಗಲಾಟೆ. ಟೈಲರಮ್ಮ ತನ್ನ ಚಿಕ್ಕಪ್ಪನಿಗೂ ಇದೇ ಇತ್ತು, ಎಣ್ಣೆ ತಿಕ್ಕಿ ಸರಿಹೋಯಿತು ಎಂದಳು. ಅಂಚೆಯ ಗಂಡ, ಎಣ್ಣೆಯಿಂದ ನರ ಸರಿಹೋಗುತ್ತದಾ, ಒಳ್ಳೆ ಡಾಕ್ಟರು ಇದ್ದಾರೆ ಎಂದ. ಅವನ ಹೆಂಡತಿ, ಅವರ ಹತ್ತಿರ ಹೋಗಿ ನಿಮ್ಮ ಮಂಡಿ ಏನಾಯಿತು ಎಂದು ಕೇಳಿದಳು. ಕೈಗೆ ಭಾರ ಕಟ್ಟಿದರೆ ನಡುಕ ನಿಲ್ಲುತ್ತೆ, ನಾನು ಸ್ಟಿಯರಿಂಗ್ ಮೇಲೆ ನೋಡಿದ್ದೇನೆ ಎಂದು ಡ್ರೈವರಣ್ಣ ಶುರು ಮಾಡಿದ. ಮಾವ ನೀವು ಸುಮ್ಮನಿರಿ, ನಿಮ್ಮ ಸ್ಟಿಯರಿಂಗು ನಡುಗೋದು ಬೇರೆ ಕಾರಣಕ್ಕೆ ಎಂದಳು ಸೊಸೆ. ಮೇಷ್ಟ್ರು ಇದನ್ನೆಲ್ಲ ಬರೆದಿಡಬೇಕೆಂದು ಪೆನ್ನಿನ ಮುಚ್ಚಳ ತೆಗೆದರು.

ಮಾತು ಆಕೆಯ ಕೈಯ ಬಗ್ಗೆ, ಆದರೆ ಆಕೆಯ ಕಡೆ ಯಾರ ಗಮನವೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಚಿಕ್ಕಪ್ಪ, ತಮ್ಮ ಡಾಕ್ಟರು, ತಮ್ಮ ಎಣ್ಣೆಯನ್ನು ಹಿಡಿದು ನಿಂತಿದ್ದರು. ಆಕೆಯ ಮುಂದೆ ಬುಟ್ಟಿಯಲ್ಲಿ ಹಬೆ ತೆಳ್ಳಗಾಗುತ್ತಿತ್ತು. ಕಡುಬಿನಂಥ ಮೂರು ಮುದ್ದೆಗಳು, ಅಂಚಿನಲ್ಲಿ ಯಾರೋ ಬೆರಳಿನಿಂದ ನೆರಿಗೆ ಹಿಡಿದಿದ್ದರು. ಒಂದೊಂದರಲ್ಲಿ ಹದಿನೆಂಟು ನೆರಿಗೆ. ಲೆಕ್ಕ ಹಾಕುವುದು ಆಕೆಯ ಕಣ್ಣಿನ ಅಭ್ಯಾಸ. ಬೆಳಿಗ್ಗೆಯಿಂದ ಆಕೆ ಏನೂ ತಿಂದಿರಲಿಲ್ಲ. ಈಗ ಹಸಿವು ಒಮ್ಮೆಲೇ ಬಂದು ಹೊಟ್ಟೆಯಲ್ಲಿ ಕೂತಿತು. ಹದಿನಾಲ್ಕು ತಿಂಗಳಿನಿಂದ ಊಟದ ಮೇಜಿನಲ್ಲಿ ಹೆದರಿಕೆ ಕೂತಿದ್ದ ಜಾಗದಲ್ಲಿ.

ಬಡಿಸುವವನನ್ನು ಹುಡುಕಿದಳು. ಅವನು ದೂರದ ಮೇಜಿನಲ್ಲಿ ನಿಂತಿದ್ದ. ಚಮಚಗಳು ಅಡುಗೆಮನೆಯ ಕಿಂಡಿಯ ಪಕ್ಕದ ಡಬ್ಬಿಯಲ್ಲಿ ಕಾಣುತ್ತಿದ್ದವು.

"ನನ್ನ ಮಾತು ಕೇಳಿ ಅಕ್ಕ," ಎಂದು ಟೈಲರಮ್ಮ ಆಕೆಯ ತೋಳು ಹಿಡಿದಳು. "ಬೆಳಿಗ್ಗೆ ಎದ್ದ ತಕ್ಷಣ, ಮುಖ ತೊಳೆಯೋಕೂ ಮುಂಚೆ, ಉಗುರು ಬೆಚ್ಚಗೆ ಎಣ್ಣೆ ಕಾಯಿಸ್ಕೊಂಡು, ಮೊಣಕೈಯಿಂದ ಕೆಳಗೆ, ಮೇಲಿಂದ ಕೆಳಗೇ ಬರಬೇಕು, ಕೆಳಗಿಂದ ಮೇಲೆ ಹೋಗ್ಬಾರದು, ನಮ್ಮ ಚಿಕ್ಕಪ್ಪ ಏನ್ ಮಾಡಿದ್ರು ಅಂದ್ರೆ..."

ಆಕೆ ಹೂಂ ಎಂದಳು. ಎದ್ದು ನಿಂತಳು. ಹೆಗಲಿನ ಚೀಲವನ್ನು ತೆಗೆದು, ಬೇರೆ ಯಾರೂ ಕೂರದಂತೆ ತನ್ನ ಕುರ್ಚಿಯ ಮೇಲೆ ಇಟ್ಟಳು. ಚಿಕ್ಕಪ್ಪ ಏನು ಮಾಡಿದರೆಂದು ಟೈಲರಮ್ಮ ಹೇಳುತ್ತಲೇ ಇದ್ದಳು. ಆಕೆ ಮೇಜುಗಳ ನಡುವೆ ದಾರಿ ಮಾಡಿಕೊಂಡು ಚಮಚದ ಡಬ್ಬಿಯ ಕಡೆ ನಡೆದಳು.